ಇಚ್ಛೆಗೆ ಎಲ್ಲೆ, ಮನೆಗೆ ನೆಲೆ

ಹೊಂಬುಜದ ಸಮೀಪದ ಹಳ್ಳಿಯೊಂದರ ಶ್ರಾವಕರೊಬ್ಬರು ಮಹಾವೀರ ನಿರ್ವಾಣೋತ್ಸವ ಮುಗಿದ ವಾರದಲ್ಲಿ ಬೆಂಗಳೂರಿನ ಮಗನ ಬಳಿಗೆ ಬಂದಿದ್ದರು. ಅವರ ಕೈಚೀಲದಲ್ಲಿ ಎರಡು ಜೊತೆ ಬಟ್ಟೆ, ನಿತ್ಯ ಸ್ವಾಧ್ಯಾಯದ ಒಂದು ಗ್ರಂಥ ಮತ್ತು ಒಂದೂವರೆ ಎಕರೆ ಅಡಿಕೆ ತೋಟದ ಪಹಣಿ ಇದ್ದವು. ಮಗ ಜಯನಗರದಲ್ಲಿ ಮನೆ ನೋಡಿದ್ದ. ಎರಡು ಮಲಗುವ ಕೋಣೆಗಳ ಆ ಫ್ಲ್ಯಾಟಿಗೆ 1 ಕೋಟಿ 40 ಲಕ್ಷ ರೂಪಾಯಿ ಬೆಲೆ. ಬ್ಯಾಂಕ್ 1 ಕೋಟಿ ಸಾಲ ಕೊಡಲು ಒಪ್ಪಿತ್ತು. ಉಳಿದ 40 ಲಕ್ಷಕ್ಕೆ ಊರಿನ ತೋಟವನ್ನು ಮಾರುವುದೆಂಬ ಮಾತು ದೂರವಾಣಿಯಲ್ಲಿ ಆಗಿತ್ತು. ಆ ತೋಟದ ಉತ್ಪನ್ನದಿಂದಲೇ ಮೂರು ತಲೆಮಾರುಗಳಿಂದ ಊರ ಬಸದಿಯ ನಂದಾದೀಪಕ್ಕೆ ಎಣ್ಣೆ ಸಲ್ಲುತ್ತಿದೆ. ತಂದೆ ಮಾರುವುದಿಲ್ಲವೆಂದು ಹೇಳಿರಲಿಲ್ಲ; ಮಾರುತ್ತೇನೆಂದೂ ಹೇಳಿರಲಿಲ್ಲ.

ಇಂತಹ ಪ್ರಸಂಗ ಇಂದು ಒಂದೇ ಮನೆಯದಲ್ಲ. ಒಳ್ಳೆಯ ಬಡಾವಣೆಯಲ್ಲಿ ಬಾಳಬೇಕೆಂಬ ಆಸೆ ಒಂದು ಕಡೆ, ಅದಕ್ಕೆ ತೆರಬೇಕಾದ ಬೆಲೆ ಇನ್ನೊಂದು ಕಡೆ. ಈ ತಕ್ಕಡಿಯನ್ನು ಹಿಡಿದು ನಿಂತ ಗೃಹಸ್ಥನಿಗೆ ಜಿನಧರ್ಮ ಏನು ಹೇಳುತ್ತದೆ?

ಮೊದಲಿಗೆ, ಆ ಆಸೆಯನ್ನು ಹಗುರವಾಗಿ ಕಾಣಬಾರದು. 1948ರಲ್ಲಿ ಯೋಜಿತ ಬಡಾವಣೆಯಾಗಿ ಆರಂಭವಾದ ಜಯನಗರದಲ್ಲಿ ಅಗಲವಾದ ರಸ್ತೆಗಳಿವೆ, ಸಾಲುಮರಗಳಿವೆ, ಉದ್ಯಾನಗಳಿವೆ. ಲಾಲ್‌ಬಾಗ್ ಹತ್ತಿರದಲ್ಲಿದೆ, 2017ರಿಂದ ಮೆಟ್ರೊ ಸಂಚಾರವೂ ಇದೆ. ಶಾಲೆ, ಆಸ್ಪತ್ರೆ, ಮಾರುಕಟ್ಟೆಗಳಿಗೆ ನಡೆದೇ ಹೋಗಬಹುದು. ಆ ಮಗನಿಗಂತೂ ಇನ್ನೊಂದು ಕಾರಣವಿತ್ತು. ಅವನ ಕಚೇರಿ ಅಲ್ಲಿಯೇ ಸಮೀಪದಲ್ಲಿತ್ತು. ಬೆಳಿಗ್ಗೆ ಎಂಟಕ್ಕೆ ಹಾಜರಾಗಿ ಸಂಜೆ ಐದಕ್ಕೆ ಬಿಡುವ ಕೆಲಸ. ಕಾರ್ತಿಕ ಮಾಸದಲ್ಲಿ ಬೆಂಗಳೂರಿನ ಸೂರ್ಯಾಸ್ತ ಆರು ಗಂಟೆಗೂ ಮೊದಲೇ ಆಗುತ್ತದೆ. ಸಮೀಪದಲ್ಲಿದ್ದರೆ ಹೊತ್ತು ಮುಳುಗುವ ಮುನ್ನ ಮನೆ ಸೇರಿ ಊಟ ಮಾಡಬಹುದು. ನಗರದ ಅಂಚಿನಲ್ಲಿ ಮನೆ ಮಾಡಿದರೆ ಮನೆ ತಲುಪುವ ವೇಳೆಗೆ ಏಳು ದಾಟುತ್ತದೆ. ಬಾಲ್ಯದಿಂದ ಪಾಲಿಸಿಕೊಂಡು ಬಂದ ರಾತ್ರಿಭೋಜನ ತ್ಯಾಗದ ನಿಯಮ ದಿನವೂ ಮುರಿಯುತ್ತದೆ, ಇಲ್ಲವೇ ದಿನವೂ ಉಪವಾಸವಾಗುತ್ತದೆ. ಮನೆ ಇರುವ ಸ್ಥಳವು ವ್ರತಪಾಲನೆಗೆ ನೆರವಾಗಬಲ್ಲದು, ಅಡ್ಡಿಯೂ ಆಗಬಲ್ಲದು. ಆದ್ದರಿಂದ ಒಳ್ಳೆಯ ಸ್ಥಳದ ಅಪೇಕ್ಷೆಯೆಲ್ಲವೂ ಆಡಂಬರವಲ್ಲ.

ಆದರೆ ಬೆಲೆಯ ಕಡೆಯ ತಟ್ಟೆಯನ್ನೂ ನೋಡಬೇಕು. ಶೇ 8.5ರ ಬಡ್ಡಿಯಲ್ಲಿ 20 ವರ್ಷಗಳ ಅವಧಿಗೆ 1 ಕೋಟಿ ರೂಪಾಯಿ ಸಾಲ ಪಡೆದರೆ ತಿಂಗಳ ಕಂತು ಸುಮಾರು 86,800 ರೂಪಾಯಿ. ಮೊದಲ ಕಂತಿನಲ್ಲಿ ಸುಮಾರು 70,800 ರೂಪಾಯಿ ಬಡ್ಡಿಗೇ ಹೋಗುತ್ತದೆ. ಅಸಲಿಗೆ ಸಲ್ಲುವುದು 16 ಸಾವಿರದಷ್ಟು ಮಾತ್ರ. ಬಡ್ಡಿಯ ದರ ಬದಲಾಗದಿದ್ದರೆ 20 ವರ್ಷ ಮುಗಿಯುವಾಗ ಕಟ್ಟಿದ ಮೊತ್ತ 2 ಕೋಟಿ 8 ಲಕ್ಷ ದಾಟಿರುತ್ತದೆ. ಅಂದರೆ ಪಡೆದ ಸಾಲಕ್ಕಿಂತ ಬಡ್ಡಿಯೇ ಹೆಚ್ಚು. ಮುದ್ರಾಂಕ ಶುಲ್ಕ, ನೋಂದಣಿ ಶುಲ್ಕಗಳು ಇದಕ್ಕೆ ಹೊರತು. ಮಗನ ಕೈಗೆ ಬರುವ ಸಂಬಳ 1 ಲಕ್ಷ 40 ಸಾವಿರ. ಸೊಸೆ ಆರು ತಿಂಗಳ ಗರ್ಭಿಣಿ. ಕಂತು ತಪ್ಪದಿರಬೇಕಾದರೆ ಹೆರಿಗೆ ರಜೆ ಮುಗಿದ ಮರುದಿನವೇ ಅವಳು ಕೆಲಸಕ್ಕೆ ಹಿಂದಿರುಗಬೇಕು. ಅವಳಿಗೆ ಮಗುವಿನೊಂದಿಗೆ ಒಂದು ವರ್ಷವಾದರೂ ಇರುವ ಆಸೆ. ಅದನ್ನು ಅವಳು ಬಾಯಿಬಿಟ್ಟು ಹೇಳಿರಲಿಲ್ಲ.

ಪರಿಗ್ರಹದ ಸ್ವರೂಪವನ್ನು ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಒಂದೇ ಪದದಿಂದ ತಿಳಿಸಿದ್ದಾರೆ. ಆ ಪದವೇ ಮೂರ್ಛೆ. ವಸ್ತು ಪರಿಗ್ರಹವಲ್ಲ, ವಸ್ತುವಿನ ವಿಷಯದಲ್ಲಿ ಎಚ್ಚರ ತಪ್ಪಿಸುವ ಮಮತೆಯೇ ಪರಿಗ್ರಹ. ಹತ್ತು ಬಗೆಯ ಬಾಹ್ಯ ಪರಿಗ್ರಹಗಳನ್ನು ಎಣಿಸುವಾಗ ಪೂರ್ವಾಚಾರ್ಯರು ಮೊದಲು ಹೇಳುವುದು ಕ್ಷೇತ್ರ ಮತ್ತು ವಾಸ್ತು, ಎಂದರೆ ಹೊಲ ಮತ್ತು ಮನೆ. ಚಿನ್ನ ಬೆಳ್ಳಿಗಳು ಆ ಬಳಿಕ ಬರುತ್ತವೆ. ಭೂಮಿಯ ಮೇಲಿನ ಮೋಹ ಎಷ್ಟು ಬಲವಾದುದೆಂಬುದನ್ನು ನೆನಪಿಸಲು ಈ ಕ್ರಮವೇ ಸಾಕು. ಈ ಕುಟುಂಬದ ಮುಂದೆಯೂ ಇದ್ದವು ಅವೇ ಎರಡು: ತಂದೆಯ ಕೈಯಲ್ಲಿ ಹೊಲ, ಮಗನ ಕಣ್ಣಲ್ಲಿ ಮನೆ.

ಮುನಿಗಳು ಪರಿಗ್ರಹವನ್ನು ಪೂರ್ಣವಾಗಿ ತ್ಯಜಿಸುತ್ತಾರೆ. ಗೃಹಸ್ಥನಿಗೆ ಅದು ಸಾಧ್ಯವಿಲ್ಲ. ಮನೆಯಿಲ್ಲದೆ ಗೃಹಸ್ಥನಾಗುವುದಾದರೂ ಹೇಗೆ? ಆದುದರಿಂದ ಅವನಿಗೆ ವಿಧಿಸಿರುವುದು ಪರಿಮಿತಿ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಪರಿಗ್ರಹ ಪರಿಮಾಣ ಅಣುವ್ರತಕ್ಕೆ ಇಚ್ಛಾಪರಿಮಾಣವೆಂಬ ಇನ್ನೊಂದು ಹೆಸರನ್ನೂ ಕೊಟ್ಟಿದ್ದಾರೆ. ಈ ಹೆಸರಿನಲ್ಲಿ ಸೂಕ್ಷ್ಮವಿದೆ. ಅಳತೆ ಹಾಕಬೇಕಾದುದು ಮನೆಯ ಚದರಡಿಗೆ ಮಾತ್ರವಲ್ಲ, ಇಚ್ಛೆಗೆ. ಇಚ್ಛೆಗೆ ಮೊದಲು ಎಲ್ಲೆ ಹಾಕಿಕೊಂಡು ಆಮೇಲೆ ಮನೆ ಹುಡುಕುವವನ ದಾರಿ ಒಂದು. ಮನೆಯನ್ನು ಮೊದಲು ಮೆಚ್ಚಿ, ಅದರ ಬೆಲೆಗೆ ತಕ್ಕಂತೆ ಎಲ್ಲೆಯನ್ನು ಮುಂದೆ ಮುಂದೆ ಸರಿಸುತ್ತ ಹೋಗುವವನ ದಾರಿ ಇನ್ನೊಂದು.

ಈ ಅಣುವ್ರತಕ್ಕೆ ಸಮಂತಭದ್ರರು ಹೇಳುವ ಐದು ಅತಿಚಾರಗಳು ಇಂದಿನ ಮನೆ ಖರೀದಿಯನ್ನು ಕಂಡೇ ಬರೆದಂತಿವೆ. ಮೊದಲನೆಯದು ಅತಿವಾಹನ, ಎತ್ತು ಮೊದಲಾದವನ್ನು ಶಕ್ತಿ ಮೀರಿ ನಡೆಸುವುದು. ಎತ್ತಿನ ಜಾಗದಲ್ಲಿ ಇಂದು ಸ್ವಂತ ಶರೀರವಿದೆ. ಕಂತಿಗಾಗಿ ಎರಡು ಪಾಳಿ ದುಡಿಯುವವರು ಎಷ್ಟಿಲ್ಲ? ಎರಡನೆಯದು ಅತಿಸಂಗ್ರಹ; ಬೆಲೆ ಏರಲೆಂದು ಕೂಡಿಡುವುದು. ವಾಸಕ್ಕೊಂದು ಮನೆಯಿದ್ದೂ ಲಾಭಕ್ಕೆಂದು ಕೊಂಡು ಬೀಗ ಹಾಕಿಟ್ಟ ಮನೆಗಳು, ತಲೆಯ ಮೇಲೊಂದು ಸೂರು ಹುಡುಕುವವರ ಪಾಲಿಗೆ ಬೆಲೆ ಏರಿಸುತ್ತವೆ. ಮೂರನೆಯದು ಅತಿವಿಸ್ಮಯ, ಪರರ ಲಾಭವನ್ನು ಕಂಡು ಬೆರಗಾಗಿ ಕೊರಗುವುದು. ಗೆಳೆಯ ಹತ್ತು ವರ್ಷದ ಹಿಂದೆ ಅರ್ಧ ಬೆಲೆಗೆ ಕೊಂಡನಲ್ಲ ಎಂಬ ಸಂಕಟ ಇದೇ. ನಾಲ್ಕನೆಯದು ಅತಿಲೋಭ. ಐದನೆಯದು ಅತಿಭಾರವಹನ, ತಾಳಲಾರದ ಹೊರೆಯನ್ನು ಹೊರಿಸುವುದು. ಮನೆ ಕೊಳ್ಳುವವರು ಉಪನೋಂದಣಾಧಿಕಾರಿಯ ಕಚೇರಿಯಿಂದ ಪಡೆಯುವ ಪತ್ರಕ್ಕೆ ಸರ್ಕಾರವಿಟ್ಟ ಹೆಸರೂ ಋಣಭಾರ ಪ್ರಮಾಣಪತ್ರವೆಂದೇ. ಋಣವು ಭಾರವೆಂಬುದನ್ನು ಕನ್ನಡದ ನುಡಿಯೇ ಒಪ್ಪಿಕೊಂಡಿದೆ.

ಪರಿಗ್ರಹದ ದೋಷಕ್ಕೆ ಸಮಂತಭದ್ರರು ಹೆಸರಿಸುವ ವ್ಯಕ್ತಿ ಶ್ಮಶ್ರುನವನೀತ. ಅವನ ಕಥೆಯನ್ನು ಪ್ರಭಾಚಂದ್ರರ ಟೀಕೆ ವಿವರಿಸುತ್ತದೆ. ವ್ಯಾಪಾರದಲ್ಲಿ ಗಳಿಸಿದ ಧನವನ್ನು ಕಳ್ಳರಿಗೆ ಕಳೆದುಕೊಂಡ ವಣಿಕನೊಬ್ಬ ಗೊಲ್ಲರ ಮನೆಯಲ್ಲಿ ಮಜ್ಜಿಗೆ ಬೇಡಿ ಕುಡಿದ. ಮೀಸೆಗೆ ಒಂದಿಷ್ಟು ಬೆಣ್ಣೆ ಅಂಟಿತು. ಇದನ್ನೇ ಕೂಡಿಟ್ಟರೆ ಬಂಡವಾಳವಾದೀತೆಂದು ದಿನವೂ ಹಾಗೆಯೇ ಮಾಡಿದ. ಮೀಸೆಯ ಬೆಣ್ಣೆಯೆಂಬ ಹೆಸರೇ ಅವನಿಗೆ ಅಂಟಿತು. ತುಪ್ಪದ ಗಡಿಗೆ ತುಂಬಿತು. ಚಳಿಗಾಲದ ಒಂದು ರಾತ್ರಿ ಹುಲ್ಲಿನ ಗುಡಿಸಲಿನಲ್ಲಿ ಕಾಲ ಬಳಿ ಬೆಂಕಿಯಿಟ್ಟುಕೊಂಡು, ಗಡಿಗೆಯನ್ನೂ ಕಾಲ ಕಡೆಗೇ ತೂಗುಹಾಕಿ ಮಲಗಿದ್ದ. ತುಪ್ಪ ಮಾರಿ ವ್ಯಾಪಾರ ಮಾಡಿದಂತೆ, ಸಾಮಂತನಾದಂತೆ, ರಾಜನಾದಂತೆ, ಚಕ್ರವರ್ತಿಯಾದಂತೆ ಕಲ್ಪನೆ ಬೆಳೆಯಿತು. ಏಳು ಅಂತಸ್ತಿನ ಅರಮನೆಯಲ್ಲಿ ತಾನು ಮಲಗಿರುವಾಗ ಸ್ತ್ರೀರತ್ನವೊಬ್ಬಳು ಕಾಲೊತ್ತುತ್ತಿದ್ದಾಳೆ. ಸರಿಯಾಗಿ ಒತ್ತಲು ಬಾರದೆಂದು ಸಲುಗೆಯಿಂದ ಒದ್ದಂತೆ ಭಾವಿಸಿ ಕಾಲು ಝಾಡಿಸಿದ. ಗಡಿಗೆ ಒಡೆದು ತುಪ್ಪ ಬೆಂಕಿಗೆ ಬಿತ್ತು. ಗುಡಿಸಲು ಹೊತ್ತಿ ಉರಿಯಿತು, ಅವನೂ ಉಳಿಯಲಿಲ್ಲ. ಕನಸಿನ ಏಳಂತಸ್ತು ಅವನಿಗೆ ದಕ್ಕಲಿಲ್ಲ, ಇದ್ದ ಗುಡಿಸಲೂ ಹೋಯಿತು. ಮುಂದಿನ 20 ವರ್ಷಗಳ ಸಂಬಳ ಏರುತ್ತಲೇ ಇರುತ್ತದೆ, ಕಾಯಿಲೆ ಬರುವುದಿಲ್ಲ, ಕೆಲಸ ಹೋಗುವುದಿಲ್ಲ ಎಂಬ ನಂಬಿಕೆಯ ಮೇಲೆ ಕಟ್ಟುವ ಮನೆಗೂ ಆ ತುಪ್ಪದ ಗಡಿಗೆಗೂ ದೂರದ ನೆಂಟಸ್ತಿಕೆಯಿದೆ.

ಊರಿನಿಂದ ಬಂದ ಹಿರಿಯರು ಮಗನಿಗೆ ಈ ಕಥೆಯನ್ನು ಹೇಳಲಿಲ್ಲ. ಮಗ ತಂದು ತೋರಿಸಿದ ಋಣಭಾರ ಪ್ರಮಾಣಪತ್ರ ಮತ್ತು ಹಳೆಯ ಕ್ರಯಪತ್ರಗಳನ್ನು ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿದರು. ಮೊದಲು ನಿವೇಶನ ಪಡೆದವರ ಹೆಸರು, ಅವರ ಮಕ್ಕಳ ಹೆಸರು, ಕಟ್ಟಡ ಕಟ್ಟಿದವರ ಹೆಸರು, ಫ್ಲ್ಯಾಟನ್ನು ಮೊದಲು ಕೊಂಡವರು, ಆಮೇಲೆ ಕೊಂಡವರು. ಓದಿ ಮುಗಿಸಿ, "ಇದು ವೃಷಭಾಚಲದ ಹಾಗಿದೆಯಲ್ಲೋ ಮಗಾ" ಎಂದರು.

ಮಗನಿಗೆ ಅರ್ಥವಾಯಿತು. ಭರತ ಚಕ್ರವರ್ತಿ ಷಟ್ಖಂಡವನ್ನು ಗೆದ್ದು, ಲೋಕದಲ್ಲಿ ತನ್ನಂಥವನು ಇನ್ನೊಬ್ಬನಿಲ್ಲವೆಂಬ ಹೆಮ್ಮೆಯಿಂದ ವೃಷಭಾಚಲದ ಮೇಲೆ ಹೆಸರು ಕೆತ್ತಿಸಲು ಹೋದ ಕಥೆಯನ್ನು ಅವನು ಬಾಲ್ಯದಲ್ಲಿಯೇ ಕೇಳಿದ್ದ. ಪಂಪನ ಆದಿಪುರಾಣವನ್ನು ಬಲ್ಲ ಕನ್ನಡಿಗರೆಲ್ಲರೂ ಅರಿತ ಸಂದರ್ಭವದು. ಬೆಟ್ಟದ ತುಂಬ ಹಿಂದಿನ ಚಕ್ರವರ್ತಿಗಳ ಹೆಸರುಗಳೇ. ಎಡೆಯಿಲ್ಲದೆ ಒಂದು ಹೆಸರನ್ನು ಅಳಿಸಿ ತನ್ನದನ್ನು ಬರೆಸಬೇಕಾಯಿತು. ಆ ಕ್ಷಣದಲ್ಲಿ ಅವನ ಗರ್ವ ಕರಗಿತು. ಅಳಿಸಿ ಬರೆದದ್ದನ್ನು ಮುಂದೊಬ್ಬ ಅಳಿಸುವವನಿದ್ದಾನೆ.

"ಹಾಗಾದರೆ ಮನೆಯೇ ಬೇಡವೆನ್ನುತ್ತೀರಾ ಅಪ್ಪಯ್ಯ?" ಎಂದು ಮಗ ಕೇಳಿದ. ದನಿಯಲ್ಲಿ ನೋವಿತ್ತು. ಎಂಟು ವರ್ಷ ಕೂಡಿಟ್ಟ ಕನಸದು. ಊರಿನಲ್ಲಿರುವ ತಾಯಿಯೂ ಮಗನ ಸ್ವಂತ ಮನೆಯ ಗೃಹಪ್ರವೇಶಕ್ಕೆಂದು ಹಿತ್ತಾಳೆಯ ದೀಪದ ಕಂಬಗಳನ್ನು ತೆಗೆದಿರಿಸಿದ್ದರು.

"ಬೇಡ ಎಂದು ನಾನು ಹೇಳುವುದಿಲ್ಲ. ತೋಟ ಮಾರು ಎಂದರೆ ಮಾರುತ್ತೇನೆ. ಆದರೆ ಮನೆ ನೋಡುವ ಮೊದಲು ಬರೆಯಬೇಕಿದ್ದ ಚೀಟಿಯನ್ನು ಈಗಲಾದರೂ ಬರೆ. ನಿನಗೆ ಯಾವುದು ಎಷ್ಟು ಸಾಕು ಎಂಬುದನ್ನು ಬರೆ. ಸೊಸೆಯನ್ನೂ ಕೇಳಿ ಬರೆ" ಎಂದರು ತಂದೆ.

ಆ ರಾತ್ರಿ ಗಂಡಹೆಂಡಿರು ಕುಳಿತು ಐದು ಸಾಲು ಬರೆದರು. ಹೊತ್ತು ಮುಳುಗುವ ಮುನ್ನ ಮನೆ ಸೇರುವಂತಿರಬೇಕು. ಮನೆಗಾಗಿ ತೆರುವ ಹಣ ಒಬ್ಬರ ಸಂಬಳದ ಮೂರನೆಯ ಒಂದು ಪಾಲನ್ನು ಮೀರಬಾರದು. ಮಗು ಹುಟ್ಟಿದ ಮೇಲೆ ತಾಯಿ ಒಂದು ವರ್ಷ ಮನೆಯಲ್ಲಿರಬೇಕು. ದಾನಕ್ಕೆಂದು ತೆಗೆದಿರಿಸುವ ಪಾಲು ಕಡಿಮೆಯಾಗಬಾರದು. ಊರ ಬಸದಿಯ ದೀಪ ಆರಬಾರದು.

ಬೆಳಿಗ್ಗೆ ಈ ಅಳತೆಗೋಲಿನಿಂದ ಮೂರು ದಾರಿಗಳನ್ನು ಅಳೆದರು. ಜಯನಗರದ ಮನೆಯನ್ನು ಕೊಂಡರೆ ಮೊದಲನೆಯ ಸಾಲೊಂದೇ ಉಳಿಯುತ್ತದೆ, ಉಳಿದ ನಾಲ್ಕೂ ಅಳಿಸುತ್ತವೆ. ನಗರದ ಅಂಚಿನಲ್ಲಿ 70 ಲಕ್ಷದ ಮನೆಯಿತ್ತು. ಕೂಡಿಟ್ಟ 20 ಲಕ್ಷ ಹಾಕಿ 50 ಲಕ್ಷ ಸಾಲ ಪಡೆದರೆ ಕಂತು ಸುಮಾರು 43,400. ಅಲ್ಲಿ ನಾಲ್ಕು ಸಾಲುಗಳು ಉಳಿಯುತ್ತವೆ, ಮೊದಲನೆಯದು ಅಳಿಸುತ್ತದೆ. ಮೂರನೆಯ ದಾರಿಯೆಂದರೆ, ಮೆಚ್ಚಿದ ಕಟ್ಟಡದಲ್ಲಿಯೇ ಅಷ್ಟೇ ವಿಸ್ತಾರದ ಮನೆಯೊಂದು 38,000 ರೂಪಾಯಿ ಬಾಡಿಗೆಗೆ ಖಾಲಿಯಿತ್ತು. ಐದು ಸಾಲುಗಳೂ ಉಳಿಯುತ್ತವೆ. ಬಿಡಬೇಕಾದುದು ಚೀಟಿಯಲ್ಲಿ ಬರೆಯದೆ ಇದ್ದ ಒಂದು ಮಾತು ಮಾತ್ರ: ನಮ್ಮದು.

ಆ ಒಂದು ಮಾತನ್ನು ಬಿಡುವುದು ಸುಲಭವಾಗಿರಲಿಲ್ಲ. ಬಾಡಿಗೆ ವರ್ಷ ವರ್ಷ ಏರುತ್ತದೆ; ಮಾಲೀಕರು ಬಿಡಿ ಎಂದರೆ ಬಿಡಬೇಕು; ಕೊಟ್ಟ ಹಣ ಆಸ್ತಿಯಾಗಿ ಉಳಿಯುವುದಿಲ್ಲ. ಇವೆಲ್ಲ ಸತ್ಯ. ಆದರೆ ಆ ಮಾತಿನ ಸದ್ಯದ ಬೆಲೆಯೂ ಅಷ್ಟೇ ಸತ್ಯ: ಮನೆಯ ಬಾಡಿಗೆ 38 ಸಾವಿರ, ಸಾಲದ ಮೊದಲ ತಿಂಗಳ ಬಡ್ಡಿಯೇ 70 ಸಾವಿರ, ಇವೆರಡರ ನಡುವಿನ ಅಂತರದಷ್ಟನ್ನು ಮಮಕಾರಕ್ಕಾಗಿಯೇ ತೆರಬೇಕಿತ್ತು. ಮಗ ಬಾಡಿಗೆಯ ಮನೆಯನ್ನೇ ಆರಿಸಿಕೊಂಡ. ಅವನ ಕಣ್ಣು ತೇವವಾದುದನ್ನು ತಂದೆ ಕಂಡರೂ ಕಾಣದಂತಿದ್ದರು. ಸೊಸೆ ಮಾತ್ರ ಮಾವನವರಿಗೆ ಹಾಲು ತಂದುಕೊಟ್ಟು, "ಒಂದು ವರ್ಷ ಮಗುವಿನ ಜೊತೆ ಇರಬಹುದು ಮಾವಯ್ಯ" ಎಂದಳು.

ಇದರಿಂದ ಬಾಡಿಗೆಯ ಮನೆಯೇ ಧರ್ಮ, ಸ್ವಂತ ಮನೆ ಅಧರ್ಮ ಎಂದು ತಿಳಿಯಬಾರದು. ಶಕ್ತಿಯಿದ್ದವನು ನ್ಯಾಯದಿಂದ ಗಳಿಸಿ, ತನ್ನ ಎಲ್ಲೆಯೊಳಗೆ ಕೊಂಡರೆ ವ್ರತಕ್ಕೆ ಭಂಗವಿಲ್ಲ. ಮೂರ್ಛೆಯಿದ್ದರೆ ಬಾಡಿಗೆಯ ಕೋಣೆಯೂ ಪರಿಗ್ರಹವೇ. ಬೇರೊಂದು ಕುಟುಂಬ ಇದೇ ಐದು ಸಾಲುಗಳಿಗೆ ಬೇರೊಂದು ಉತ್ತರ ಪಡೆಯಬಹುದು. ಚಿಕ್ಕ ಊರಿಗೆ ಹಿಂದಿರುಗುವುದೇ ಸರಿಯೆಂದು ಕಾಣಬಹುದು. ದೇವಪೂಜೆ, ಗುರೂಪಾಸ್ತಿ, ಸ್ವಾಧ್ಯಾಯ, ಸಂಯಮ, ತಪ, ದಾನ ಎಂಬ ಷಟ್ಕರ್ಮಗಳಿಗೆ ಮನೆ ಎಡೆ ಕೊಡುತ್ತದೆಯೇ, ಅಥವಾ ಅವುಗಳ ಎಡೆಯನ್ನೇ ಕಂತು ನುಂಗುತ್ತದೆಯೇ ಎಂಬುದು ಗೃಹಸ್ಥನ ಒರೆಗಲ್ಲು. ಯಾವ ಬಡಾವಣೆಯೆಂಬ ಪ್ರಶ್ನೆಗಿಂತ ಈ ಪ್ರಶ್ನೆ ಹಿರಿದು.

ಊರಿಗೆ ಹೊರಟ ದಿನ ಹಿರಿಯರ ಕೈಚೀಲದಲ್ಲಿ ಪಹಣಿ ಹಾಗೆಯೇ ಇತ್ತು. ತಿಂಗಳ ಬಳಿಕ ಬಾಡಿಗೆಯ ಮನೆಗೆ ಹಾಲುಕ್ಕಿಸಲು ತಾಯಿ ಬಂದರು. ಸ್ವಂತ ಮನೆಗೆಂದು ಇರಿಸಿದ್ದ ದೀಪದ ಕಂಬಗಳನ್ನು ತರುವುದೋ ಬೇಡವೋ ಎಂದು ಬಹಳ ಹೊತ್ತು ಯೋಚಿಸಿ, ಕೊನೆಗೆ ತಂದೇ ಬಿಟ್ಟಿದ್ದರು. ಸಂಜೆ ಐದೂವರೆಗೆ ಮಗ ಮನೆ ಸೇರಿದ. ಹೊತ್ತು ಮುಳುಗುವ ಮುನ್ನ ಎಲ್ಲರೂ ಒಟ್ಟಿಗೆ ಕುಳಿತು ಊಟ ಮುಗಿಸಿದರು. ಬಳಿಕ ತಾಯಿ ದೀಪ ಹಚ್ಚಿದರು. ಗೋಡೆ ಯಾರದೆಂದು ಕೇಳದೆ ದೀಪ ಮನೆಯನ್ನು ಬೆಳಗಿತು.