ದುಭಾಷಿ ಯಾರ ಕಡೆಯವರು?

ಕಟ್ಟಡದ ಸೈಟಿಗೆ ಲೇಬರ್ ಇನ್‌ಸ್ಪೆಕ್ಟರ್ ಬಂದಾಗ ಬಹಳ ಕಡೆ ನಡೆಯುವುದು ಇಷ್ಟೇ. ದಿನಗೂಲಿ ಎಷ್ಟು, ಎಷ್ಟು ಹೊತ್ತು ಕೆಲಸ, ವಾರದ ರಜೆ ಕೊಡುತ್ತಾರಾ ಎಂದು ಅವರು ಕನ್ನಡದಲ್ಲಿ ಕೇಳುತ್ತಾರೆ. ಎದುರಿಗೆ ನಿಂತವರು ಒಡಿಶಾದ ಬಲಾಂಗೀರ್, ಬಂಗಾಳದ ಮಾಲ್ಡಾ, ಜಾರ್ಖಂಡಿನ ದುಮ್ಕಾ ಕಡೆಯವರು. ಉತ್ತರ ಹೇಳುವುದು ಮಾತ್ರ ಮೇಸ್ತ್ರಿ. ಎರಡೂ ಕಡೆಯ ಭಾಷೆ ಬಲ್ಲವನು ಅಲ್ಲಿ ಅವನೊಬ್ಬನೇ. “ಎಲ್ಲ ಸರಿಯಾಗಿ ಕೊಡ್ತಾ ಇದ್ದೀವಿ ಸಾರ್, ಬೇಕಾದ್ರೆ ಇವರನ್ನೇ ಕೇಳಿ” ಎನ್ನುತ್ತಾನೆ. ಕೇಳಿದರೆ, ಅವರ ಉತ್ತರವನ್ನು ಕನ್ನಡಕ್ಕೆ ತರುವವನೂ ಅವನೇ. ಕೂಲಿ ಬಾಕಿ ಉಳಿಸಿಕೊಂಡವನೇ ದುಭಾಷಿಯಾದ ಕಡೆ ಕಾನೂನು ಎಷ್ಟು ಗಟ್ಟಿಯಾಗಿದ್ದರೂ ಕಾರ್ಮಿಕನ ತನಕ ಬರುವುದಿಲ್ಲ.

ಆ ಜಾಗದಿಂದ ಮೇಸ್ತ್ರಿಯನ್ನು ಸರಿಸಿ, ಕಾರ್ಮಿಕರ ಪರವಾಗಿ ನಿಲ್ಲುವ ಒಬ್ಬರನ್ನು ತರುವುದೇ ಎರಡು ಭಾಷೆಯ ಕೇಸ್‌ವರ್ಕ್. ಕಾರ್ಮಿಕ ಸಂಘಗಳಲ್ಲಿ, ಸ್ವಯಂಸೇವಾ ಸಂಸ್ಥೆಗಳಲ್ಲಿ ಈ ಕೆಲಸ ಮಾಡುವವರು ಇದ್ದಾರೆ. ಇವರು ವಕೀಲರಲ್ಲ, ಬರೀ ಅನುವಾದಕರೂ ಅಲ್ಲ. ಕಾರ್ಮಿಕನ ಕಷ್ಟವನ್ನು ಅವನ ಮಾತಿನಲ್ಲೇ ಕೇಳಿ, ಕನ್ನಡದಲ್ಲಿ ಅರ್ಜಿ ಬರೆದು, ಕಚೇರಿಗೆ ಅಲೆದು, ಅಲ್ಲಿಂದ ಬಂದ ಪ್ರತಿ ನೋಟಿಸು, ಹಿಂಬರಹವನ್ನು ಅವನಿಗೆ ತಿಳಿಯುವ ಭಾಷೆಯಲ್ಲಿ ಓದಿ ಹೇಳುವವರು. ಹಿಂದಿ ಬಂದರೆ ಸಾಕಲ್ಲ ಎಂದು ಕೆಲವರು ಕೇಳುತ್ತಾರೆ. ಸಾಲದು. ಪಶ್ಚಿಮ ಒಡಿಶಾದವರ ಮನೆಮಾತು ಸಂಬಲಪುರಿ, ದುಮ್ಕಾದ ಕಡೆಯ ಎಷ್ಟೋ ಜನರದು ಸಂತಾಲಿ. ಊರೂರು ತಿರುಗಿದ ಗಂಡಸರು ಹಿಂದಿ ಕಲಿತಿರುತ್ತಾರೆ. ಮೊದಲ ಸಲ ಊರು ಬಿಟ್ಟು ಬಂದ ಹೆಂಗಸರಿಗೆ ಅದೂ ಪರಭಾಷೆಯೇ.

ಈ ತೊಡಕು ಕಾನೂನು ಮಾಡಿದವರಿಗೆ ಗೊತ್ತಿರಲಿಲ್ಲ ಎನ್ನುವಂತಿಲ್ಲ. 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆಯ ಪ್ರಕಾರ ಗುತ್ತಿಗೆದಾರನು ಪ್ರತಿ ಕಾರ್ಮಿಕನಿಗೂ ಫೋಟೋ ಅಂಟಿಸಿದ ಪಾಸ್‌ಬುಕ್ ಕೊಡಬೇಕಿತ್ತು. ಕೆಲಸದ ಜಾಗ, ಅವಧಿ, ಕೂಲಿಯ ದರ, ಕಡಿತಗಳು ಅದರಲ್ಲಿರಬೇಕಿತ್ತು. ಹಿಂದಿ, ಇಂಗ್ಲಿಷ್ ಎರಡೂ ಕಾರ್ಮಿಕನ ಭಾಷೆಯಲ್ಲದಿದ್ದರೆ ಅವನ ಭಾಷೆಯಲ್ಲೂ ಬರೆದಿರಬೇಕಿತ್ತು. ಎಷ್ಟು ಒಳ್ಳೆಯ ನಿಯಮ! ಅದನ್ನು ಪಾಲಿಸಿದ್ದರೆ ಅರ್ಧ ಜಗಳಗಳು ಹುಟ್ಟುತ್ತಲೇ ಇರಲಿಲ್ಲ. 2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು ಹಳೆಯ ಕಾಯ್ದೆಯ ಜಾಗದಲ್ಲಿ ಕೂತಿವೆ. ಐದು ಮಂದಿ ವಲಸೆ ಕಾರ್ಮಿಕರಿದ್ದರೆ ಹಳೆಯ ಕಾಯ್ದೆ ಅನ್ವಯವಾಗುತ್ತಿತ್ತು. ಈಗ ಹತ್ತು ಮಂದಿ ಬೇಕು. ಆದರೆ ಮೇಸ್ತ್ರಿಯ ಮೂಲಕ ಬರದೆ ತಾವಾಗಿಯೇ ಬಂದವರನ್ನೂ ಹೊಸ ಸಂಹಿತೆ ವಲಸೆ ಕಾರ್ಮಿಕರೆಂದು ಒಪ್ಪುತ್ತದೆ. ಇದು ದೊಡ್ಡ ಲಾಭ.

ಇನ್ನು ಕೆಲಸದ ಒಳಗಿನ ಮಾತು. ಮೊದಲ ದಿನ ಕಾರ್ಮಿಕ ಹೇಳುವುದು “ದುಡ್ಡು ಕೊಟ್ಟಿಲ್ಲ” ಎಂಬ ಒಂದೇ ಮಾತು. ಕಚೇರಿಗೆ ಅಷ್ಟು ಸಾಲದು: ಯಾರ ಸೈಟು, ಯಾರು ಕೆಲಸಕ್ಕೆ ಕರೆದರು, ಯಾವ ತಾರೀಖಿನಿಂದ ಯಾವ ತಾರೀಖು, ದರ ಎಷ್ಟು, ಕೈಗೆ ಬಂದದ್ದೆಷ್ಟು? ಕಾರ್ಮಿಕನಿಗೆ ಗೊತ್ತಿರುವುದು ಮೇಸ್ತ್ರಿಯ ಅಡ್ಡಹೆಸರು, ಅವನ ಮೊಬೈಲ್ ನಂಬರು. ಬಿಲ್ಡರ್ ಯಾರೆಂದು ತಿಳಿಯಲು ಕೇಸ್‌ವರ್ಕರ್ ಸೈಟಿನ ಮುಂದಿನ ಬೋರ್ಡಿನಲ್ಲಿ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಸಂಖ್ಯೆ ಇದೆಯೇ ನೋಡುತ್ತಾರೆ. ಅದು ಸಿಕ್ಕರೆ ರೇರಾ ಜಾಲತಾಣದಲ್ಲಿ ಮಾಲೀಕನ ಹೆಸರು, ವಿಳಾಸ ಸಿಗುತ್ತದೆ. ಫೋನ್‌ಪೇಯಲ್ಲಿ ಮೇಸ್ತ್ರಿ ಹಾಕಿದ ಚಿಲ್ಲರೆ ಮೊತ್ತಗಳು, “ನಾಳೆ ಕೊಡ್ತೀನಿ” ಎಂದು ಅವನು ವಾಟ್ಸ್‌ಆ್ಯಪಿನಲ್ಲಿ ಕಳಿಸಿದ ದನಿಸಂದೇಶ, ಸೈಟಿನಲ್ಲಿ ತೆಗೆದುಕೊಂಡ ಸೆಲ್ಫಿ, ಇವೆಲ್ಲ ದಾಖಲೆಗಳೇ. ಇವೆಲ್ಲಕ್ಕಿಂತ ಬೆಲೆಯುಳ್ಳದ್ದು ಜೇಬಿನ ಪುಟ್ಟ ಹಾಜರಿ ಪುಸ್ತಕ. ಎಷ್ಟೋ ಕಾರ್ಮಿಕರು ಪೂರ್ತಿ ದಿನ, ಅರ್ಧ ದಿನ, ಓಟಿ ಎಂದು ದಿನವೂ ಗುರುತು ಹಾಕಿಟ್ಟಿರುತ್ತಾರೆ. ಅದನ್ನು ಓದಲು ಆ ಲಿಪಿ ಬಲ್ಲವರೇ ಬೇಕು. ಬಂಗಾಳಿಯ ನಾಲ್ಕು ನಮ್ಮ ಕಣ್ಣಿಗೆ ಇಂಗ್ಲಿಷಿನ 8ರಂತೆ ಕಾಣುತ್ತದೆ, ಬಂಗಾಳಿಯ ಏಳು 9ರಂತೆ ಕಾಣುತ್ತದೆ. ತಿಳಿಯದವರು ನಕಲು ಮಾಡಿದರೆ ಲೆಕ್ಕವೇ ಹಾಳು. ಎದುರು ಪಕ್ಷದ ವಕೀಲರು ಅದೊಂದನ್ನೇ ಹಿಡಿದು ಇಡೀ ಅರ್ಜಿ ಸುಳ್ಳೆನ್ನುತ್ತಾರೆ.

ಲೆಕ್ಕ ನೆಟ್ಟಗಿದ್ದರೆ ಕಾನೂನು ಕಾರ್ಮಿಕನ ಬೆನ್ನಿಗಿದೆ. ವೇತನ ಸಂಹಿತೆಯ ಪ್ರಕಾರ ಬಾಕಿಗಾಗಿ ಮೂರು ವರ್ಷದೊಳಗೆ ಅರ್ಜಿ ಹಾಕಬಹುದು. ಕೂಲಿ ಕೊಟ್ಟಿದ್ದೇನೆ ಎಂದು ರುಜುವಾತು ಮಾಡಬೇಕಾದವನು ಮಾಲೀಕ. ಕೊಟ್ಟಿಲ್ಲ ಎಂದು ಕಾರ್ಮಿಕ ಸಾಬೀತು ಮಾಡಬೇಕಿಲ್ಲ. ಗುತ್ತಿಗೆದಾರ ಕೈಯೆತ್ತಿದರೆ ಹಣ ಕೊಡುವ ಹೊಣೆ ಮೂಲ ಮಾಲೀಕನದು. ಈ ಸಂಗತಿಗಳನ್ನು ಕಾರ್ಮಿಕನ ಭಾಷೆಯಲ್ಲಿ ಹೇಳಿದಾಗಲೇ ಅವನು ಮೇಸ್ತ್ರಿಯ ಬೆದರಿಕೆಗೆ ಬಗ್ಗದೆ ನಿಲ್ಲುವುದು.

ಅಪಘಾತದ ಪ್ರಕರಣಗಳಲ್ಲಿ ಒಂದೊಂದು ಅಂಕಿಯೂ ಎಷ್ಟು ತೂಕದ್ದು ಎಂಬುದಕ್ಕೆ ಈ ಲೆಕ್ಕ ನೋಡಿ. 25 ವರ್ಷದ ಯುವಕ ಸಾರುವೆಯಿಂದ ಬಿದ್ದು ಸತ್ತ ಎಂದುಕೊಳ್ಳಿ. ಪರಿಹಾರವೆಂದರೆ ತಿಂಗಳ ಕೂಲಿಯ ಅರ್ಧಕ್ಕೆ ವಯಸ್ಸಿನ ಗುಣಾಂಕದ ಗುಣಾಕಾರ; 25ನೇ ವಯಸ್ಸಿಗೆ ಆ ಗುಣಾಂಕ 216.91. ಲೆಕ್ಕಕ್ಕೆ ಹಿಡಿಯುವ ತಿಂಗಳ ಕೂಲಿಯ ಮಿತಿ 2020ರಲ್ಲಿ 15,000 ರೂಪಾಯಿ ಎಂದು ನಿಗದಿಯಾಯಿತು. ಅವನ ಕೂಲಿ ಅಷ್ಟು ಎಂದು ದಾಖಲಾದರೆ ಪರಿಹಾರ 16,26,825 ರೂಪಾಯಿ. ಮೇಸ್ತ್ರಿ “ತಿಂಗಳಿಗೆ ಒಂಬತ್ತು ಸಾವಿರ ಕೊಡ್ತಿದ್ವಿ” ಎಂದದ್ದನ್ನೇ ಬರೆದುಕೊಂಡರೆ 9,76,095. ಒಂದು ಹೇಳಿಕೆಯ ಒಂದು ಸಾಲಿನಲ್ಲಿ ಹೆಂಡತಿ ಮಕ್ಕಳ ಪಾಲಿನ ಆರೂವರೆ ಲಕ್ಷ ಹೋಗಿಬಿಡುತ್ತದೆ. ಅದಕ್ಕಿಂತ ಕ್ರೂರವಾದುದು ಇನ್ನೊಂದಿದೆ: ಹೆಣವನ್ನು ಆಂಬುಲೆನ್ಸಿನಲ್ಲಿ ಊರಿಗೆ ಕಳಿಸುವ ಗಡಿಬಿಡಿಯಲ್ಲಿ ಐವತ್ತು ಸಾವಿರವನ್ನೋ ಲಕ್ಷವನ್ನೋ ಕೈಗಿಟ್ಟು, ‘ಇನ್ನು ಯಾವ ತಕರಾರೂ ಇಲ್ಲ’ ಎಂಬ ಕನ್ನಡದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದು. ಓದಿ ಹೇಳದ ಕಾಗದಕ್ಕೆ ಸಹಿ ಹಾಕಬಾರದು ಎಂಬುದನ್ನು ಕೇಸ್‌ವರ್ಕರುಗಳು ಎಲ್ಲಕ್ಕಿಂತ ಮೊದಲು ಕಲಿಸುತ್ತಾರೆ. ಪರಿಹಾರದ ಅರ್ಜಿಯನ್ನು ಕುಟುಂಬದವರು ಬೆಂಗಳೂರಿಗೆ ಬಂದೇ ಹಾಕಬೇಕೆಂದೂ ಇಲ್ಲ. ತಾವು ವಾಸವಿರುವ ಜಿಲ್ಲೆಯಲ್ಲೇ ಹಾಕಲು ಕಾನೂನಿನಲ್ಲಿ ಅವಕಾಶವಿದೆ. ಆಗ ಇಲ್ಲಿನ ಎಫ್‌ಐಆರ್, ಮರಣೋತ್ತರ ಪರೀಕ್ಷೆಯ ವರದಿ, ಪಂಚನಾಮೆ ಕನ್ನಡದಿಂದ ಆಚೆ ಭಾಷೆಗೆ ಹೋಗಬೇಕು.

ಬೆಂಗಳೂರಿನ ಸುತ್ತಲಿನ ಇಟ್ಟಿಗೆ ಭಟ್ಟಿಗಳಲ್ಲಿ ಕಥೆ ಇನ್ನೂ ಬಿಗಿ. ಪಶ್ಚಿಮ ಒಡಿಶಾದಲ್ಲಿ ನುವಾಖಾಯಿ ಹಬ್ಬ ಮುಗಿದ ಮೇಲಿನ ತಿಂಗಳುಗಳಲ್ಲಿ, ಭಟ್ಟಿಗೆ ಆಳುಗಳನ್ನು ಕರೆತರುವ ಸರ್ದಾರರು ಮುಂಗಡ ಹಂಚುತ್ತಾರೆ. ಗಂಡ, ಹೆಂಡತಿ, ಜೊತೆಗೊಂದು ಮಗು ಸೇರಿ ಒಂದು ತಂಡ. ಸಾವಿರ ಇಟ್ಟಿಗೆಗೆ ಇಷ್ಟು ಎಂದು ದರ, ವಾರಕ್ಕೊಮ್ಮೆ ಊಟದ ಖರ್ಚು, ಮಿಕ್ಕಿದ್ದೆಲ್ಲ ಮುಂಗಡಕ್ಕೆ ವಜಾ. ಲೆಕ್ಕದ ಪುಸ್ತಕದಲ್ಲಿ ಇರುವುದು ಗಂಡನ ಹೆಸರು ಮಾತ್ರ. ಮುಂಗಡ ತೀರುವ ತನಕ ಭಟ್ಟಿ ಬಿಟ್ಟು ಹೋಗುವಂತಿಲ್ಲ ಎಂದರೆ ಅದು 1976ರ ಕಾಯ್ದೆ ನಿಷೇಧಿಸಿದ ಜೀತ. ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸುವುದೂ ಸಂವಿಧಾನದ 23ನೇ ವಿಧಿ ತಡೆಯುವ ಬಲವಂತದ ದುಡಿಮೆಯೇ ಎಂದು ಸುಪ್ರೀಂ ಕೋರ್ಟು 1982ರಲ್ಲಿ, ದಿಲ್ಲಿಯ ಏಷ್ಯಾಡ್ ಕ್ರೀಡಾಕೂಟದ ಕಾಮಗಾರಿಯ ಕಾರ್ಮಿಕರ ಪ್ರಕರಣದಲ್ಲಿ ಹೇಳಿದೆ. ತಹಶೀಲ್ದಾರರೋ ಉಪವಿಭಾಗಾಧಿಕಾರಿಯೋ ವಿಚಾರಣೆಗೆ ಬಂದಾಗ ಹೆಂಗಸರನ್ನು ಬೇರೆ ಕೂರಿಸಿ, ಅವರ ಮಾತು ಬಲ್ಲ ಹೆಂಗಸಿನಿಂದಲೇ ಕೇಳಿಸಬೇಕು. ರಾತ್ರಿ ಎಷ್ಟು ಹೊತ್ತಿಗೆ ಏಳುತ್ತೀರಿ, ಸಂತೆಗೆ ಒಬ್ಬರೇ ಹೋಗಲು ಬಿಡುತ್ತಾರಾ, ಮಗು ಹೆತ್ತಾಗ ಎಷ್ಟು ದಿನ ಮಲಗಿದಿರಿ ಎಂದು ಕೇಳಿದರೆ ಸತ್ಯ ಹೊರಗೆ ಬರುತ್ತದೆ, “ನೀವು ಜೀತದಾಳಾ?” ಎಂದರೆ ಯಾರೂ ಹೌದೆನ್ನುವುದಿಲ್ಲ. 2016ರ ಪುನರ್ವಸತಿ ಯೋಜನೆಯಲ್ಲಿ ಬಿಡುಗಡೆಯಾದ ಗಂಡಸಿಗೆ 1 ಲಕ್ಷ, ಹೆಂಗಸರಿಗೂ ಮಕ್ಕಳಿಗೂ 2 ಲಕ್ಷ ರೂಪಾಯಿ ಇದೆ. ಹೆಂಡತಿಯ ಹೇಳಿಕೆಯನ್ನೇ ಪಡೆಯದಿದ್ದರೆ ಅವಳ ಹೆಸರಿನಲ್ಲಿ ಬಿಡುಗಡೆ ಪತ್ರವಿಲ್ಲ, ಹಣವೂ ಇಲ್ಲ.

ಕಾರ್ಮಿಕನ ಮೇಲಿನ ಅಕ್ಕರೆಯಿಂದ ಅವನ ಮಾತಿಗೆ ಬಣ್ಣ ಕಟ್ಟುವ ಆಸೆ ಕೇಸ್‌ವರ್ಕರಿಗೆ ಬರುವುದುಂಟು. ಅದು ದ್ರೋಹ ಎಂದೇ ನನ್ನ ಅಭಿಪ್ರಾಯ. ಹೊಡೆದರೆಂದು ಅವನು ಹೇಳದಿದ್ದರೆ ಅರ್ಜಿಯಲ್ಲಿ ಹೊಡೆತ ಇರಕೂಡದು. ಮಧ್ಯದಲ್ಲಿ ಅವನು ರಾಜಿಗೆ ಒಪ್ಪಿ, ಸಿಕ್ಕಷ್ಟು ಹಿಡಿದು ಊರಿಗೆ ಹೋಗುತ್ತೇನೆಂದರೆ, ಎಷ್ಟು ಬಿಟ್ಟುಕೊಡುತ್ತಿದ್ದಾನೆ ಎಂದು ಬಿಡಿಸಿ ಹೇಳಿ ನಿರ್ಧಾರವನ್ನು ಅವನಿಗೇ ಬಿಡಬೇಕು.

2020ರ ಲಾಕ್‌ಡೌನ್ ಈ ಕೆಲಸದ ಅಗತ್ಯವನ್ನು ಎಲ್ಲರ ಕಣ್ಣಿಗೆ ತೋರಿಸಿತು. ಸ್ವಾನ್ ಎಂದು ಹೆಸರಾದ ಸ್ವಯಂಸೇವಕರ ಜಾಲವು ಅತಂತ್ರರಾದ ಕಾರ್ಮಿಕರ ಕರೆಗಳನ್ನು ಅವರವರ ಭಾಷೆಯಲ್ಲಿ ಸ್ವೀಕರಿಸಿ, ಏಪ್ರಿಲ್ 15ರ ಹೊತ್ತಿಗೆ 11,159 ಕಾರ್ಮಿಕರ ಸ್ಥಿತಿಯನ್ನು ವರದಿ ಮಾಡಿತು. ಇತ್ತ ಕರ್ನಾಟಕ ಸರ್ಕಾರ ಮೇ 5ರಂದು ಬಿಲ್ಡರುಗಳ ಜೊತೆ ಸಭೆ ನಡೆದ ಬೆನ್ನಿಗೇ, ಕಾರ್ಮಿಕರನ್ನು ಊರಿಗೆ ಒಯ್ಯುವ ಶ್ರಮಿಕ್ ರೈಲುಗಳು ಬೇಡವೆಂದು ರೈಲ್ವೆಗೆ ಬರೆದು, ಟೀಕೆ ಎದ್ದ ಮೇಲೆ ಹಿಂದೆ ಸರಿಯಿತು. ಊರಿಗೆ ಹೋಗಬೇಕೋ ಬೇಡವೋ ಎಂದು ಆ ಕಾರ್ಮಿಕರನ್ನು ಅವರ ಭಾಷೆಯಲ್ಲಿ ಕೇಳಬೇಕೆಂದು ಆ ಸಭೆಯವರಿಗೆ ಅನ್ನಿಸಲಿಲ್ಲ.

ಇದು ನಮ್ಮವರ ಪಾಡೂ ಹೌದು. ವಿಜಯಪುರ, ಬಾಗಲಕೋಟೆ, ಕೊಪ್ಪಳದಿಂದ ಗೋವೆಗೆ, ಕಲಬುರಗಿ, ಯಾದಗಿರಿಯಿಂದ ಮುಂಬೈ, ಪುಣೆಗೆ ಗಾರೆ ಕೆಲಸಕ್ಕೆ ಹೋದ ಕನ್ನಡಿಗರು ಕೊಂಕಣಿ, ಮರಾಠಿಯ ಕಚೇರಿಗಳ ಮುಂದೆ ಇದೇ ರೀತಿ ಬಾಯಿಲ್ಲದೆ ನಿಲ್ಲುತ್ತಾರೆ.

ಇದನ್ನು ಸಂಘ ಸಂಸ್ಥೆಗಳ ದಯೆಗೆ ಬಿಡುವುದು ಸರಿಯಲ್ಲ. ವಲಸೆ ಕಾರ್ಮಿಕರು ಹೆಚ್ಚಿರುವ ಜಿಲ್ಲೆಗಳ ಕಾರ್ಮಿಕ ಕಚೇರಿಗಳಲ್ಲಿ ಒಡಿಯಾ, ಬಂಗಾಳಿ, ಹಿಂದಿ ಬಲ್ಲವರನ್ನು ಸಂಬಳ ಕೊಟ್ಟು ನೇಮಿಸಬೇಕು. ಅಲ್ಲಿಯ ತನಕ, ಎರಡು ಭಾಷೆ ಬಲ್ಲ ಓದುಗರು ಮಾಡಬಹುದಾದ ಕೆಲಸವೊಂದಿದೆ. ಪ್ರತಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವೂ ಪ್ಯಾರಾ ಲೀಗಲ್ ಸ್ವಯಂಸೇವಕರನ್ನು ಆರಿಸಿ ತರಬೇತಿ ಕೊಡುತ್ತದೆ, ಅದಕ್ಕೆ ವಕೀಲರಾಗಿರಬೇಕಿಲ್ಲ. ನಿಮ್ಮ ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಆ ಕಚೇರಿಗೆ ಹೋಗಿ, ನಿಮಗೆ ಬರುವ ಭಾಷೆಗಳ ಹೆಸರು ಹೇಳಿ ಅರ್ಜಿ ಕೊಡಿ. ಕೂಲಿ ಸಿಗದೆ ಅಲೆಯುತ್ತಿರುವ ಯಾರಾದರೂ ಎದುರಾದರೆ ಕಾರ್ಮಿಕ ಇಲಾಖೆಯ ಸಹಾಯವಾಣಿ 155214, ಕಾನೂನು ನೆರವಿನ ಸಹಾಯವಾಣಿ 15100, ಇವೆರಡನ್ನು ಬರೆದುಕೊಡಿ. ಕರೆ ಮಾಡುವಾಗ ಜೊತೆಗೆ ನಿಂತು ಮಾತಾಡಿ.