ಕಾಶಿಯ ಗಲ್ಲಿಗಳಲ್ಲಿ ಗಡಿಯಾರ ನೋಡಿ ತಿನ್ನಿ

ಕಾಶಿಗೆ ಹೋದವರು ಒಂದು ತರಕಾರಿಯನ್ನೋ ಹಣ್ಣನ್ನೋ ಅಲ್ಲಿಯೇ ಬಿಟ್ಟು ಬರುವ ರೂಢಿ ನಮ್ಮ ಕಡೆ ಇದೆ. ಬಹಳ ಮಂದಿ ಹಾಗಲಕಾಯಿ ಬಿಡುತ್ತಾರೆ. ಅವರು ಅದನ್ನು ಎಂದೂ ಇಷ್ಟಪಟ್ಟು ತಿಂದವರಲ್ಲ ಎಂಬ ಗುಟ್ಟು ಮನೆಯವರಿಗಷ್ಟೇ ಗೊತ್ತು. ಬಿಡುವುದರಲ್ಲಿ ಇಷ್ಟು ಜಾಣರಾದ ನಾವು ಅಲ್ಲಿ ಹಿಡಿಯಬೇಕಾದ್ದನ್ನು ಮಾತ್ರ ಹಿಡಿಯದೆ ಬರುತ್ತೇವೆ. ಯಾತ್ರೆಯ ಬಸ್ಸಿನ ಜೊತೆಗೇ ಅಡುಗೆಯವರೂ ಬಂದಿರುತ್ತಾರೆ. ಗಂಗೆಯಲ್ಲಿ ಮುಳುಗು ಹಾಕಿ ಬರುವಷ್ಟರಲ್ಲಿ ಛತ್ರದಲ್ಲಿ ಬಿಸಿ ಉಪ್ಪಿಟ್ಟು, ಮಧ್ಯಾಹ್ನ ಅನ್ನ-ಸಾರು, ರಾತ್ರಿ ಮೊಸರನ್ನ. ವಯಸ್ಸಾದವರ ಹೊಟ್ಟೆ ಕೆಡದಿರಲಿ ಎಂಬ ಕಾಳಜಿ ಸರಿಯೇ. ಆದರೂ ಭಾರತದ ಅತ್ಯಂತ ಜಿಹ್ವಾಚಪಲದ ಊರುಗಳಲ್ಲಿ ಒಂದಕ್ಕೆ ಹೋಗಿ ಚಿತ್ರಾನ್ನ ತಿಂದು ಬರುವುದು ಅನ್ಯಾಯ.

ಎಲ್ಲಿ ತಿನ್ನಬೇಕು ಎಂದು ಬನಾರಸಿಗರನ್ನು ಕೇಳಿದರೆ ಅವರು ಮೊದಲು ನೋಡುವುದು ಗಂಟೆ ಎಷ್ಟಾಯಿತು ಎಂದು. ಬೆಳಗಿನದು ಸಂಜೆಗಿಲ್ಲ, ಚಳಿಗಾಲದ್ದು ಬೇಸಿಗೆಗಿಲ್ಲ. ಹೊತ್ತು ಗೊತ್ತಾದರೆ ಅಂಗಡಿ ತಾನಾಗಿ ಸಿಗುತ್ತದೆ. ಅಸಿಯಿಂದ ರಾಜ್‌ಘಾಟ್‌ವರೆಗೆ ಆರು ಕಿಲೋಮೀಟರಿನಷ್ಟು ಉದ್ದ ಹಬ್ಬಿದ ಘಾಟುಗಳ ಹಿಂದೆಲ್ಲ ತಿನಿಸು ಇದ್ದೇ ಇದೆ. ಹೊಸಬರಿಗೆ ಗೋದೌಲಿಯಾ ಚೌಕವೇ ಮೇಲು. ಅಲ್ಲಿಂದ ದಶಾಶ್ವಮೇಧದ ಕಡೆ ನಡೆಯುತ್ತ ಎಡಕ್ಕೆ ಹೊರಳಿದರೆ ವಿಶ್ವನಾಥ ಗಲ್ಲಿ, ಅದರಾಚೆ ಕಚೌಡಿ ಗಲ್ಲಿ, ಇನ್ನೂ ಮುಂದೆ ಠಠೇರಿ ಬಜಾರ್, ಚೌಖಂಬಾ. 2021ರ ಡಿಸೆಂಬರಿನಲ್ಲಿ ಉದ್ಘಾಟನೆಯಾದ ವಿಶ್ವನಾಥ ಧಾಮಕ್ಕಾಗಿ ಈ ಭಾಗದ ಎಷ್ಟೋ ಹಳೆಯ ಮನೆ, ಅಂಗಡಿಗಳು ನೆಲಸಮವಾದವು. ಹಾಗಾಗಿ ಹತ್ತು ವರ್ಷದ ಹಿಂದೆ ಹೋಗಿ ಬಂದವರು ಹೇಳುವ ಗುರುತುಗಳನ್ನು ಪೂರ್ತಿ ನಂಬಬೇಡಿ.

ಬೆಳಗಿನ ಹೊತ್ತಿನ ದೊರೆ ಕಚೌಡಿ. ಎರಡು ಬಗೆ: ನೆನೆಸಿ ರುಬ್ಬಿದ ಉದ್ದಿನಬೇಳೆಗೆ ಇಂಗು ಮಸಾಲೆ ಬೆರೆಸಿ ತುಂಬಿದ್ದು ದೊಡ್ಡದು, ಆಲೂಗಡ್ಡೆ ತುಂಬಿದ್ದು ಚಿಕ್ಕದು. ಜೊತೆಗೆ ಆಲೂ, ಕಡಲೆಕಾಳು ಇಲ್ಲವೇ ಸಿಹಿಗುಂಬಳದ ತೆಳ್ಳಗಿನ ಪಲ್ಯವನ್ನು ದೊನ್ನೆಯಲ್ಲಿ ಹಾಕಿಕೊಡುತ್ತಾರೆ. ನಮ್ಮ ಪೂರಿ-ಸಾಗುವಿನ ಲೆಕ್ಕದಲ್ಲಿ ಕೂತು ತಿನ್ನುವ ತಿಂಡಿ ಇದಲ್ಲ. ಗಲ್ಲಿಯಲ್ಲಿ ನಿಂತು, ಹಿಂದೆ ಬರುವ ಸ್ಕೂಟರಿಗೂ ಹೋರಿಗೂ ದಾರಿ ಬಿಡುತ್ತ ತಿನ್ನಬೇಕು. ಪಕ್ಕದ ಬಾಣಲೆಯಿಂದ ಆಗಷ್ಟೇ ಎತ್ತಿದ ಜಿಲೇಬಿ ಇಲ್ಲದಿದ್ದರೆ ತಿಂಡಿ ಅರ್ಧವಾದಂತೆ. ಬೆಳಿಗ್ಗೆ ಎದ್ದು ಸಿಹಿಯೇ ಎಂದು ಮುಖ ಸಿಂಡರಿಸುವವರು ಒಂದು ತುತ್ತು ಖಾರದ ಪಲ್ಯ, ಒಂದು ತುಣುಕು ಜಿಲೇಬಿ ಎಂದು ಸರದಿಯಲ್ಲಿ ತಿಂದು ನೋಡಲಿ. ಬಿಸಿಲೇರುವ ಹೊತ್ತಿಗೆ ಬಾಣಲೆ ಇಳಿಯುತ್ತದೆ. ಹೆಸರಿಗೆ ಕಚೌಡಿ ಗಲ್ಲಿಯಾದರೂ ಈಗ ಅಲ್ಲಿಗಿಂತ ಬೇರೆ ಕಡೆಯೇ ಕಚೌಡಿ ಅಂಗಡಿಗಳು ಹೆಚ್ಚು.

ನವೆಂಬರಿನಿಂದ ಫೆಬ್ರುವರಿಯ ನಡುವೆ ಹೋಗುವವರಿಗೆ ಇನ್ನೊಂದು ಭಾಗ್ಯವಿದೆ, ಮಲೈಯೊ. ಅದಕ್ಕಾಗಿಯೇ ಚಳಿ ಸಹಿಸಬಹುದು. ಹಾಲನ್ನು ಚೆನ್ನಾಗಿ ಕಾಯಿಸಿ, ರಾತ್ರಿಯಿಡೀ ಬಯಲಿನಲ್ಲಿ ಇಬ್ಬನಿ ಬೀಳುವಂತೆ ಇಡುತ್ತಾರೆ. ಬೆಳಕು ಹರಿಯುವ ಮುನ್ನ ಅದಕ್ಕೆ ಕಡೆಗೋಲು ಹಾಕಿ ಕಡೆಯುತ್ತಾರೆ. ಮೇಲೆ ಬಂದ ನೊರೆಯನ್ನು ಎತ್ತಿ ಸಕ್ಕರೆ, ಏಲಕ್ಕಿ, ಕೇಸರಿ ಸೇರಿಸಿ ಮಣ್ಣಿನ ಕುಡಿಕೆಗೆ ತುಂಬಿ, ಪಿಸ್ತಾ-ಬಾದಾಮಿ ಉದುರಿಸಿ ಕೈಗಿಡುತ್ತಾರೆ. ಚಮಚದಲ್ಲಿ ಕಾಣಿಸಿದ್ದು ಬಾಯಲ್ಲಿ ಇಲ್ಲ, ಸಿಹಿ ಮಾತ್ರ ಉಳಿದಿರುತ್ತದೆ. ನೊರೆ ಮುಗಿದ ಕುಡಿಕೆಯನ್ನು ಎಸೆಯಲು ಅವಸರ ಮಾಡಬೇಡಿ. ಅದೇ ಕುಡಿಕೆಗೆ ಕೇಸರಿ ಹಾಲು ಹೊಯ್ದುಕೊಡುವುದು ವಾಡಿಕೆ. ಲಖನೌದಲ್ಲಿ ಮಖ್ಖನ್ ಮಲಾಯಿ, ದೆಹಲಿಯಲ್ಲಿ ದೌಲತ್ ಕಿ ಚಾಟ್ ಎಂದು ಇದರ ದಾಯಾದಿಗಳಿದ್ದಾರೆ. ಯಾರದು ಮೊದಲು ಎಂಬ ಜಗಳ ಅವರವರಿಗೇ ಇರಲಿ. ಬಿಸಿಲು ತಾಗಿದರೆ ನೊರೆ ಕುಸಿಯುತ್ತದೆ. ಆದ್ದರಿಂದ ಚೌಖಂಬಾದ ಕಡೆ ಬೇಗ ಹೋದವರಿಗಷ್ಟೇ ಒಳ್ಳೆಯದು ಸಿಗುತ್ತದೆ. ಮೇ ತಿಂಗಳಲ್ಲಿ ಯಾರಾದರೂ ಮಲೈಯೊ ಎಂದು ಏನನ್ನಾದರೂ ಕೊಟ್ಟರೆ ನಮಸ್ಕಾರ ಹೇಳಿ ಮುಂದೆ ನಡೆಯಿರಿ.

ಅಲ್ಲೇ ಸಮೀಪದ ಠಠೇರಿ ಬಜಾರ್ ಹಿತ್ತಾಳೆ, ತಾಮ್ರದ ಪಾತ್ರೆಗಳ ಬೀದಿ. ಆಧುನಿಕ ಹಿಂದಿ ಸಾಹಿತ್ಯಕ್ಕೆ ದಾರಿ ಹಾಕಿದ ಭಾರತೇಂದು ಹರಿಶ್ಚಂದ್ರರ ಮನೆ ಇರುವುದೂ ಇತ್ತಲೇ. ಇಲ್ಲಿನ ರಾಮ್ ಭಂಡಾರ್ ಎಂಬ ಮಿಠಾಯಿ ಅಂಗಡಿಯ ತಿರಂಗಾ ಬರ್ಫಿ ಸ್ವಾತಂತ್ರ್ಯ ಚಳವಳಿಯ ಕಾಲದ್ದು. ತ್ರಿವರ್ಣ ಹಿಡಿದವರನ್ನು ಪೊಲೀಸರು ಹಿಡಿಯುತ್ತಿದ್ದ ದಿನಗಳಲ್ಲಿ ಅದನ್ನು ಮಿಠಾಯಿಯಲ್ಲಿ ಮೂಡಿಸಿದರು: ಕೇಸರಿಯ ದಳದಿಂದ ಒಂದು ಬಣ್ಣ, ಪಿಸ್ತಾದಿಂದ ಹಸಿರು, ನಡುವೆ ಖೋವಾ-ಗೋಡಂಬಿಯ ಬಿಳಿ. 2024ರಲ್ಲಿ ಇದಕ್ಕೆ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿತು.

ಮಧ್ಯಾಹ್ನದ ಹೊತ್ತು ಕಾಶಿ ಆಕಳಿಸುತ್ತದೆ. ಅನ್ನದ ಹಂಬಲವಾದವರು ಆಗ ಕೇದಾರ ಘಾಟ್, ಹನುಮಾನ್ ಘಾಟುಗಳ ಕಡೆ ಹೋಗಬಹುದು. ಅದು ದಕ್ಷಿಣದವರ ಕೇರಿ. ಇಡ್ಲಿ, ಸಾಂಬಾರ್ ಸಿಗುತ್ತವೆ. ಮೈಸೂರು ಸಂಸ್ಥಾನದ ನೆನಪಿನ ಕರ್ನಾಟಕ ಘಾಟ್ ಅಲ್ಲೇ ಇದೆ, ಗೋದೌಲಿಯಾದ ಹತ್ತಿರ ವೀರಶೈವರ ಜಂಗಮವಾಡಿ ಮಠವಿದೆ. ಕನ್ನಡದ ಮಾತು ಕಿವಿಗೆ ಬೀಳುವ ಜಾಗಗಳಿವು. ಅನ್ನಪೂರ್ಣೆಯ ಊರಾದ್ದರಿಂದ ಆಕೆಯ ಗುಡಿಯ ವತಿಯಿಂದ ದಿನವೂ ಉಚಿತ ಪ್ರಸಾದದ ಊಟವೂ ಉಂಟು.

ಸಂಜೆ ಚಾಟಿನದು. ಮುಂಬಯಿಯ ಭೇಲ್, ದೆಹಲಿಯ ಪಾಪಡಿ ಎಲ್ಲೆಡೆ ಸಿಗುತ್ತವೆ, ಬೆಂಗಳೂರಿನ ಮೂಲೆಮೂಲೆಯಲ್ಲೂ ಸಿಗುತ್ತವೆ. ಟಮಾಟರ್ ಚಾಟ್ ಮಾತ್ರ ಕಾಶಿಯದೇ. ಟೊಮೆಟೊ, ಬೆಂದ ಆಲೂಗಡ್ಡೆಗಳನ್ನು ದೊಡ್ಡ ಕಾವಲಿಯ ಮೇಲೆ ತುಪ್ಪ ಹಾಕಿ ಹಿಸುಕುತ್ತ, ಮಸಾಲೆ ಕೂಡಿಸುತ್ತ ಗೊಜ್ಜಿನ ಹದಕ್ಕೆ ತರುತ್ತಾರೆ. ಕುಡಿಕೆಗೆ ಹಾಕಿದ ಮೇಲೆ ಜೀರಿಗೆಯ ಘಮದ ಸಕ್ಕರೆ ಪಾಕವನ್ನು ಮೇಲಿಂದ ಸುರಿಯುತ್ತಾರೆ. ಮೇಲೊಂದಿಷ್ಟು ಗರಿಗರಿ ಖಾರಾ. ಮೊಸರಿನ ಹಂಗಿಲ್ಲ. ಹುಳಿ, ಸಿಹಿ, ಖಾರ, ತುಪ್ಪ ನಾಲ್ಕೂ ಬೇರೆ ಬೇರೆಯಾಗಿಯೇ ನಾಲಿಗೆಗೆ ತಾಗುತ್ತವೆ. ಗೋದೌಲಿಯಾದ ಕಾಶಿ ಚಾಟ್ ಭಂಡಾರ್, ಲಕ್ಸಾ ರಸ್ತೆಯ ದೀನಾ ಚಾಟ್ ಭಂಡಾರ್ ಎರಡಕ್ಕೂ ಅವರವರ ಭಕ್ತರಿದ್ದಾರೆ. ಗದ್ದಲದಲ್ಲಿ ಕೂಗಿ ಹೇಳದಿದ್ದರೆ ನಿಮ್ಮ ಸರದಿ ಬರುವುದಿಲ್ಲ, ಸಂಕೋಚದ ಸ್ವಭಾವದವರು ಜೊತೆಗೊಬ್ಬ ಬಾಯಿಬಡುಕರನ್ನು ಕರೆದೊಯ್ಯಿರಿ. ಚಳಿಗಾಲವಾದರೆ ಚೂಡಾ-ಮಟರ್ ಕೂಡ ಕೇಳಿ: ಹಸಿ ಬಟಾಣಿ, ಅವಲಕ್ಕಿ, ತುಪ್ಪ.

ಕುಡಿಯುವುದರಲ್ಲಿ ಒಂದು ಎಚ್ಚರಿಕೆ. ಕರಬೂಜದ ಬೀಜ, ಬಾದಾಮಿ, ಸೋಂಪು, ಕಾಳುಮೆಣಸು, ಗುಲಾಬಿ ದಳ ಅರೆದು ಹಾಲಿಗೆ ಬೆರೆಸಿದ ಠಂಡಾಯಿ ಬಿಸಿಲಿಗೆ ಅಮೃತ. ಅದಕ್ಕೆ ಭಂಗಿ ಬೆರೆಸುವುದೂ ಇಲ್ಲಿನ ಸಹಜ ಸಂಪ್ರದಾಯ, ಶಿವನ ಊರಲ್ಲವೇ. ಸರ್ಕಾರದ ಪರವಾನಗಿ ಪಡೆದ ಭಂಗಿ ಅಂಗಡಿಗಳೇ ಇವೆ. ಬೇಡದವರು ಲೋಟ ಕೈಗೆ ಬರುವ ಮೊದಲೇ ಸ್ಪಷ್ಟವಾಗಿ ‘ಬಿನಾ ಭಾಂಗ್’ ಎನ್ನಬೇಕು. ಅದರ ಅಮಲು ತಡವಾಗಿ ಏರುತ್ತದೆ, ಏರಿತೆಂದು ತಿಳಿಯುವಷ್ಟರಲ್ಲಿ ಆರತಿ ಮುಗಿದಿರುತ್ತದೆ. ಭಂಗಿ ಬೆರೆಸದ ಲಸ್ಸಿಗೆ ಆ ಭಯವಿಲ್ಲ: ಕುಡಿಕೆಯ ತುಂಬ ಗಟ್ಟಿ ಮೊಸರು, ಮೇಲೆ ರಬಡಿ. ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಹೆಬ್ಬಾಗಿಲ ಬಳಿಯ ಲಂಕಾದಲ್ಲಿ ಪಹಲ್ವಾನ್ ಲಸ್ಸಿ, ಗಿರಾಕಿಗಳು ಬೈಗುಳ ತಿಂದೇ ಕಚೌಡಿ ತಿನ್ನುತ್ತಿದ್ದ ‘ಚಾಚಿ’ಯ ಅಂಗಡಿ, ಎರಡೂ ವಿದ್ಯಾರ್ಥಿಗಳ ತಲೆಮಾರುಗಳನ್ನೇ ಸಾಕಿದ್ದವು. 2025ರ ಜೂನ್‌ನಲ್ಲಿ ರಸ್ತೆ ಅಗಲಿಸಲು ಬುಲ್ಡೋಜರ್ ಬಂತು. ರಸ್ತೆ ಬೇಕೇ ಬೇಕು, ವಾಹನದಟ್ಟಣೆ ಕಂಡವರು ಇಲ್ಲವೆನ್ನಲಾರರು. ಆದರೆ ಊರಿನ ರುಚಿ ಇಂಥ ಇಕ್ಕಟ್ಟಿನಲ್ಲೇ ಬೆಳೆದದ್ದು ಎಂಬುದೂ ಸುಳ್ಳಲ್ಲ.

ಮಾಂಸಾಹಾರಿಗಳು ದಾಲ್ ಮಂಡಿ, ನೇಕಾರರ ಮದನಪುರಗಳ ಕಡೆ ವಿಚಾರಿಸಲಿ. ಸಸ್ಯಾಹಾರಿಗಳಿಗೆ ಬೆರಣಿಯ ಕೆಂಡದಲ್ಲಿ ಸುಟ್ಟ ಬಾಟಿ, ಸುಟ್ಟ ಬದನೆಯ ಚೋಖಾ ಹೊಟ್ಟೆ ತುಂಬುವ ಊಟ. ಅಸಿಯಲ್ಲಿ ಪಪ್ಪುವಿನ ಚಹಾ ಅಂಗಡಿಯಿದೆ. ಕಾಶೀನಾಥ ಸಿಂಗ್ ಅವರ ‘ಕಾಶಿ ಕಾ ಅಸ್ಸೀ’ ಕಾದಂಬರಿಯಿಂದ ಹೆಸರಾದ ಜಾಗ. ಅಲ್ಲಿ ಚಹಾಕ್ಕಿಂತ ರಾಜಕೀಯದ ಹರಟೆಗೇ ಕಾವು ಹೆಚ್ಚು.

ಎಲ್ಲದರ ಮೇಲೆ ಪಾನ್. ಹೆಸರುವಾಸಿಯಾದ ಮಗಹಿ ಎಲೆ ಕಾಶಿಯದ್ದಲ್ಲ, ಬಿಹಾರದ ಮಗಧದ ಕಡೆಯಿಂದ ಬರುತ್ತದೆ. ಕಾಶಿಯವರ ಕೈಚಳಕವಿರುವುದು ಅದನ್ನು ಬುಟ್ಟಿಯಲ್ಲಿಟ್ಟು ಕಾವು ಕೊಟ್ಟು, ಹಸಿರು ಹೋಗಿ ಬಿಳಿಚುವವರೆಗೆ ಮಾಗಿಸುವುದರಲ್ಲಿ. 2023ರಲ್ಲಿ ಬನಾರಸಿ ಪಾನಿಗೂ ಲಂಗಡಾ ಮಾವಿಗೂ ಭೌಗೋಳಿಕ ಸೂಚಕ ದೊರೆಯಿತು. ಅಂಗಡಿಯವರಿಗೆ ತಂಬಾಕು ಬೇಡವೆಂದು ಮೊದಲೇ ಹೇಳಿ. ಮಾಗಿದ ಎಲೆಯನ್ನು ನಮ್ಮ ಊಟದ ನಂತರದ ವೀಳ್ಯದಂತೆ ಕಚಕಚ ಅಗಿಯಬೇಕಿಲ್ಲ, ದವಡೆಯಲ್ಲಿಟ್ಟರೆ ತಾನೇ ಕರಗುತ್ತದೆ. ಹಾಗಾಗಿಯೇ ಬನಾರಸಿಗರಿಗೆ ಪಾನ್ ಬಾಯಲ್ಲಿದ್ದಷ್ಟು ಹೊತ್ತು ಮಾತನಾಡಲು ಅವಸರವಿಲ್ಲ. ಛತ್ರಕ್ಕೆ ವಾಪಸಾಗುವ ದಾರಿ ಕೇಳುವುದಿದ್ದರೆ ಅವರು ಪಾನ್ ಹಾಕಿಕೊಳ್ಳುವ ಮೊದಲೇ ಕೇಳಿಬಿಡಿ.