ಮರಳ ಮೇಲೆ ಚಳಿಗಾಲದ ಒಂದು ರಾತ್ರಿ

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ವಿದ್ಯಾರ್ಥಿ ಮಿತ್ರರೇ, ಈ ಚಳಿಗಾಲದಲ್ಲಿ ಗೋಕರ್ಣದಿಂದ ಕುಮಟಾಕ್ಕೆ ಕಡಲಂಚಿನಲ್ಲೇ ನಡೆದು ಹೋಗುವ ಯೋಚನೆ ಇದೆಯೇ? ಕುಡ್ಲೆ, ಓಂ ತೀರಗಳನ್ನು ಹಾದು, ತದಡಿಯಲ್ಲಿ ಅಘನಾಶಿನಿ ನದಿಯನ್ನು ದೋಣಿಯಲ್ಲಿ ದಾಟುವ ದಾರಿ ಅದು. ಹಗಲೆಲ್ಲ ಬೆವರು. 'ಕರಾವಳಿಯಲ್ಲಿ ಎಲ್ಲಿಯ ಚಳಿ?' ಎಂದು ಕಂಬಳಿಯನ್ನು ಮನೆಯಲ್ಲೇ ಬಿಟ್ಟು ಹೊರಟವರಲ್ಲಿ ಕಾಲೇಜು ದಿನಗಳ ನಾನೂ ಒಬ್ಬ. ಬೆಳಗಿನ ಜಾವ ಮೈ ಗಡಗಡ ನಡುಗಿತು. ಓದಿದ ಭೌತಶಾಸ್ತ್ರ ಆಗ ನೆನಪಾಯಿತು!

ಜನವರಿಯಲ್ಲೂ ಅಲ್ಲಿನ ರಾತ್ರಿಯ ಉಷ್ಣತೆ ಸುಮಾರು 20 ಡಿಗ್ರಿ ಸೆಲ್ಸಿಯಸ್. ಆದರೆ ಮೋಡವಿಲ್ಲದ ರಾತ್ರಿ ಮರಳು, ಹೊದಿಕೆ ಎಲ್ಲವೂ ತಮ್ಮ ಶಾಖವನ್ನು ಅವಕೆಂಪು ಕಿರಣಗಳಾಗಿ ಆಕಾಶಕ್ಕೆ ಸೂಸಿ, ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತವೆ. ಒಣಮರಳಿನ ಕಣಗಳ ನಡುವೆ ಗಾಳಿ ತುಂಬಿರುವುದರಿಂದ ಅಡಿಯ ಬಿಸಿ ಬೇಗ ಮೇಲೆ ಬಾರದು. ತಣಿದ ಹೊದಿಕೆಯ ಮೇಲೆ ಗಾಳಿಯ ತೇವ ಇಬ್ಬನಿಯಾಗಿ ಕೂರುತ್ತದೆ, ನಮ್ಮ ಕಬ್ಬಿನ ಗರಿಯ ಮೇಲೆ ಕೂರುವಂತೆಯೇ. ಒದ್ದೆ ಬಟ್ಟೆ ಮೈಯನ್ನು ಬೆಚ್ಚಗಿಡುವುದಿಲ್ಲ.

ಉಪಾಯ ದುಬಾರಿಯದಲ್ಲ. ಆಕಾಶವನ್ನು ಮರೆಮಾಡಲು ಮೇಲೊಂದು ಹಳೆಯ ಪಂಚೆ ಕಟ್ಟಿದರೂ ಸಾಕು. ಮರದಡಿಯೂ ಆದೀತು, ತೆಂಗಿನ ಮರ ಮಾತ್ರ ಬೇಡ! ಕೆಳಗೆ ಚಾಪೆ, ಅದರ ಮೇಲೆ ಕಂಬಳಿ.

ಎಲ್ಲಿ ಮಲಗಬಹುದೆಂದು ಊರಿನವರನ್ನು ಮೊದಲು ಕೇಳಿ. ಅಲೆ ತಂದು ಬಿಟ್ಟ ಕಸಕಡ್ಡಿಯ ಗೆರೆ ಹಿಂದಿನ ಉಬ್ಬರದ ಗುರುತು; ಹಾಸಿಗೆ ಅದಕ್ಕಿಂತ ಬಹಳ ಮೇಲಿರಲಿ. ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ನೀರು ಆ ಗೆರೆಯನ್ನೂ ಮೀರಬಹುದು. ನಮ್ಮದು ಹುಣ್ಣಿಮೆಯ ಮರುದಿನ. ಗೆಳೆಯನ ಚಪ್ಪಲಿ ಕಡಲ ಪಾಲಾಗಿ, ಉಳಿದ ದಾರಿಯನ್ನು ಆತ ಬರಿಗಾಲಲ್ಲೇ ನಡೆದ.